ಮೇಡಂ ಮೂಗಿಗೆ ಬಡಿದ ವಾಸನೆ

"ಹಿಡ್ಕೋಮ್ಮ ಇದನ್ನ," ಎಂದು ಸುಟ್ಟ ಮೇಜಿನ ಅಡಿಯಿಂದ ಒಂದು ಕೈ ಹೊರಗೆ ಬಂತು.

ಲ್ಯಾಬಿನ ವಿದ್ಯಾರ್ಥಿನಿ ಗಿಣಿ ಬಗ್ಗಿ ತೆಗೆದುಕೊಂಡಳು. ಬೆರಳುದ್ದದ ರಬ್ಬರ್ ಪೈಪಿನ ತುಂಡು. ಒಂದು ತುದಿ ಕರಗಿ ಗಂಟು ಕಟ್ಟಿಕೊಂಡಿತ್ತು. ಇನ್ನೊಂದು ತುದಿ ಹೊಸ ಪೈಪಿನ ಹಾಗೆ ನುಣ್ಣಗಿತ್ತು.

ಕೈಯ ಹಿಂದೆಯೇ ಬೂದಿ ಸಾಹೇಬರು ತೆವಳಿಕೊಂಡು ಹೊರಬಂದರು. ಅವರು ಅಗ್ನಿಶಾಮಕ ಇಲಾಖೆಯ ತನಿಖಾಧಿಕಾರಿ. ಬೆಂಕಿ ಆರಿದ ಮೇಲೆ ಜರಡಿ ಹಿಡಿದು ಬೂದಿ ಸೋಸುವುದೇ ಅವರ ಕೆಲಸವಾದ್ದರಿಂದ ಇಲಾಖೆಯವರೇ ಕೂಡಿ ಇಟ್ಟ ಹೆಸರು ಅದು. ಅವರಿಗೆ ಅದರಿಂದ ಬೇಸರವೇನೂ ಇರಲಿಲ್ಲ. "ಮನೇಲಿ ನನ್ನ ಹೆಂಡ್ತಿ ಕರೆಯೋ ಹೆಸರು ಇದಕ್ಕಿಂತ ಕೆಟ್ಟದಾಗಿದೆ," ಎಂದು ಮೊದಲ ದಿನವೇ ಗಿಣಿಗೆ ಹೇಳಿ ನಗಿಸಿದ್ದರು.

"ಏನು ಕಾಣತ್ತೆ?"

"ಒಲೆಯ ಪೈಪು ಸರ್. ನಲ್ಲಿಯಿಂದ ಒಲೆಗೆ ಗ್ಯಾಸ್ ಹೋಗೋದು."

"ಅದು ನನಗೂ ಗೊತ್ತು. ತುದಿ ನೋಡು."

"ಕತ್ತರಿಸಿದ ಹಾಗಿದೆ."

"ಹಾಗಿದೆ ಅಲ್ಲಮ್ಮ, ಕತ್ತರಿಸಿದ್ದೇ. ಹಳೇದಾಗಿ ಬಿರಿದಿದ್ರೆ ಸುತ್ತ ಸಣ್ಣ ಸಣ್ಣ ಸೀಳು ಇರ್ತಿತ್ತು. ಸುಟ್ಟು ಹರಿದಿದ್ರೆ ಈ ಕಡೆ ತುದಿ ಥರ ಗಂಟು ಕಟ್ತಿತ್ತು. ಯಾರೋ ಹರಿತವಾದ್ದು ಏನೋ ಇಟ್ಟು ಒಂದೇ ಏಟಿಗೆ ಕುಯ್ದಿದಾರೆ. ಮೇಲೆ ಬೀರು ಬಿದ್ದಿದ್ದಕ್ಕೆ ಇಷ್ಟು ಉಳ್ಕೊಂಡಿದೆ."

ಸೋಮವಾರ ಮಧ್ಯಾಹ್ನ ಈ ತಯಾರಿ ಕೋಣೆಯಲ್ಲಿ ಗ್ಯಾಸ್ ಹೊತ್ತಿಕೊಂಡು ಲ್ಯಾಬಿನ ಟೆಕ್ನಿಷಿಯನ್ ಸುಟ್ಟು ಆಸ್ಪತ್ರೆ ಸೇರಿದ್ದ. ಒಲೆಯ ನಲ್ಲಿ ಮುಚ್ಚಲು ಮರೆತವಳು ಗಿಣಿಯೇ ಎಂದು ಇಡೀ ವಿಭಾಗ ನಂಬಿ ಕೂತಿತ್ತು.

ಗಿಣಿ ಹಿಂದೆ ಸರಿದು ಕರಕಲಾದ ಗೋಡೆಗೆ ಒರಗಿದಳು. ಬಿಳಿ ಕೋಟಿನ ಬೆನ್ನಿಗೆ ಮಸಿ ಹತ್ತಿದ್ದೂ ಗೊತ್ತಾಗಲಿಲ್ಲ.

"ಹಾಗಾದ್ರೆ ನಾನು ಮರೆತಿರಲಿಲ್ಲ. ಬಾಟ್ಲಿ ತೊಳೆಯೋಕೆ ನೀರು ಕಾಯಿಸ್ದೆ, ಆರಿಸ್ದೆ, ನಲ್ಲಿ ತಿರುಗಿಸ್ದೆ. ಎಲ್ಲರೂ ಹೇಳಿ ಹೇಳಿ ನನಗೇ ನನ್ನ ಮೇಲೆ ಅನುಮಾನ ಬಂದುಬಿಟ್ಟಿತ್ತು ಸರ್."

"ಈಗಲೇ ಸಮಾಧಾನ ಪಟ್ಕೋಬೇಡ," ಎಂದರು ಸಾಹೇಬರು, ಮೊಣಕಾಲಿನ ಬೂದಿ ಕೊಡವುತ್ತ. "ಮರೆವು ಅಂತಾಗಿದ್ರೆ ನಿನ್ನ ಈ ವರ್ಷ ಹೋಗ್ತಿತ್ತು, ಅಷ್ಟೇ. ಬೇಕಂತಲೇ ಮಾಡಿದ್ದು ಅಂದ್ರೆ ಜೈಲು. ಈ ಕೋಣೆಗೆ ಕೊನೇಲಿ ಬಂದವಳು ನೀನೇ ಅಂತ ಹೇಳಿಕೆ ಇದೆ."

"ಯಾರು ಹಾಗೆ ಹೇಳಿದ್ದು?"

"ನಿಮ್ಮ ಮೇಡಂ."

ಗಿಣಿ ಆ ಮಾತನ್ನು ಒಮ್ಮೆಗೇ ನುಂಗಿಕೊಳ್ಳಲಾರದೆ ಹೋದಳು.

ಮೇಡಂ ಎಂದರೆ ಈ ವಿಭಾಗದ ಮುಖ್ಯಸ್ಥೆ. ಗಿಣಿಯ ಮಾರ್ಗದರ್ಶಕಿ. ಆರೋಗ್ಯ ವಿಜ್ಞಾನದ ಡಿಗ್ರಿ ಮುಗಿದ ಮೇಲೆ, ಎಲ್ಲರೂ ಕೆಲಸ ಹುಡುಕಿಕೊಂಡು ಚದುರಿಹೋದಾಗ, ಆನರ್ಸ್ ವರ್ಷಕ್ಕೆಂದು ಗಿಣಿಯನ್ನು ಆರಿಸಿಕೊಂಡವರು. ತರಗತಿಯಿಲ್ಲ, ಪಾಠವಿಲ್ಲ, ವರ್ಷವಿಡೀ ಒಂದೇ ಪ್ರಶ್ನೆಯ ಬೆನ್ನು ಹತ್ತುವುದು, ಕೊನೆಯಲ್ಲಿ ತಾನು ಕಂಡದ್ದನ್ನು ಬರೆದು ಹತ್ತು ಜನರ ಮುಂದೆ ನಿಂತು ಸಮರ್ಥಿಸಿಕೊಳ್ಳುವುದು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾಳೆಂದು ಲ್ಯಾಬಿನವರು ಅವಳಿಗೆ ಗಿಣಿ ಎಂದು ಹೆಸರಿಟ್ಟಾಗ, "ಕೇಳಲಿ ಬಿಡ್ರೋ, ಸಂಶೋಧನೆಗೆ ಬೇಕಾಗಿರೋದೇ ಅದು," ಎಂದು ಬೆನ್ನು ತಟ್ಟಿದವರೂ ಮೇಡಂ ಅವರೇ.

ಗಿಣಿಯ ಪ್ರಶ್ನೆ ಮೂಗಿಗೆ ಸಂಬಂಧಿಸಿದ್ದು. ವಯಸ್ಸಾದವರಿಗೆ ಅಪಾಯದ ವಾಸನೆಗಳು ಎಷ್ಟು ತಿಳಿಯುತ್ತವೆ? ಹೊಗೆ, ಕೆಟ್ಟ ಹಾಲು, ಸೋರುವ ಗ್ಯಾಸ್. ಒಂದೊಂದು ವಾಸನೆಯನ್ನು ಒಂದೊಂದು ಪುಟ್ಟ ಬಾಟಲಿಯಲ್ಲಿ ತುಂಬಿ, ಅಜ್ಜ ಅಜ್ಜಿಯರನ್ನು ಒಬ್ಬೊಬ್ಬರಾಗಿ ಕೂರಿಸಿ ಮೂಸಿಸಿ, ಉತ್ತರ ಬರೆದುಕೊಳ್ಳುವುದು ಅವಳ ಕೆಲಸ. ಅರ್ಧಕ್ಕಿಂತ ಹೆಚ್ಚು ಜನ ಮುಗಿದಿದ್ದರು. ಈಗ ಬಾಟಲಿಗಳೂ ಇರಲಿಲ್ಲ, ಕೋಣೆಯೂ ಇರಲಿಲ್ಲ. ಅವಳನ್ನು ಆನರ್ಸ್‌ನಿಂದ ತೆಗೆದುಹಾಕಬೇಕೇ ಬೇಡವೇ ಎಂದು ನಾಳೆ ಸಮಿತಿ ಕೂರಲಿತ್ತು.

"ಮೇಡಂ ಮತ್ತೆ ಏನು ಹೇಳಿದಾರೆ ಸರ್?"

ಸಾಹೇಬರು ಕಿಟಕಿಯ ಚೌಕಟ್ಟಿನ ಮೇಲೆ ಕೂತು ನೀರಿನ ಬಾಟಲಿ ತೆರೆದರು.

"ಅವರು ಕಾರಿಡಾರಿನ ಆ ತುದೀಲಿ, ತಮ್ಮ ರೂಮಲ್ಲಿದ್ದರಂತೆ. ಗ್ಯಾಸ್ ವಾಸನೆ ಗಪ್ಪಂತ ಮೂಗಿಗೆ ಬಡೀತಂತೆ. ಎದ್ದು ಓಡಿ ಬಂದು ನಿಮ್ಮನ್ನೆಲ್ಲ ಹೊರಗೆ ಕಳಿಸಿದರಂತೆ. ನೀನೂ ಅದನ್ನೇ ಹೇಳಿದೆಯಲ್ಲ?"

"ಓಡಿ ಬಂದಿದ್ದು ನಿಜ. ನಾನು ಪರೀಕ್ಷೆ ಕೋಣೇಲಿ ಒಬ್ಬರು ಅಜ್ಜನ ಜೊತೆ ಇದ್ದೆ. 'ಗ್ಯಾಸ್ ಸೋರ್ತಿದೆ, ನಡಿ ಹೊರಗೆ' ಅಂದ್ರು. ಅಜ್ಜನ ಕೈ ಹಿಡಿದು ಮೆಟ್ಟಿಲು ಇಳಿಸ್ತಿರುವಾಗ ಮೇಲೆ ಢಂ ಅಂತು."

"ನಿನಗೆ ವಾಸನೆ ಬಂದಿತ್ತಾ?"

"ಇಲ್ಲ. ಪರೀಕ್ಷೆ ಕೋಣೆಗೆ ಹೊರಗಿನ ವಾಸನೆ ಬರಲ್ಲ. ಹಾಗೆ ಬಂದ್ರೆ ನಮ್ಮ ಲೆಕ್ಕವೇ ತಪ್ಪಾಗತ್ತೆ."

"ಸರಿ. ಈಗ ಇದು ನೋಡು." ಸಾಹೇಬರು ಎದ್ದು ಬಾಗಿಲ ಹತ್ತಿರ ಹೋದರು. ಬಾಗಿಲು ಅರ್ಧ ಸುಟ್ಟು ಒಂದೇ ತಿರುಗಣೆಯ ಮೇಲೆ ನೇತಾಡುತ್ತಿತ್ತು. ಕೆಳಗಿನ ಅಂಚಿನಲ್ಲಿ ಕರಗಿದ ರಬ್ಬರ್ ಪಟ್ಟಿ ನೆಲಕ್ಕೆ ಅಂಟಿಕೊಂಡಿತ್ತು. "ಈ ಪಟ್ಟಿ ಯಾಕೆ?"

"ಇಲ್ಲಿ ತುಂಬೋ ವಾಸನೆ ಹೊರಗೆ ಹೋಗಬಾರದು ಅಂತ."

"ಪಟ್ಟಿ ನೆಲಕ್ಕೆ ಅಂಟಿದೆ. ಅಂದ್ರೆ ಬೆಂಕಿ ಹತ್ತಿದಾಗ ಬಾಗಿಲು ಮುಚ್ಚಿತ್ತು. ಮುಚ್ಚಿದ ಬಾಗಿಲ ಒಳಗಿನ ಗ್ಯಾಸು ಅಷ್ಟು ದೂರ ಕೂತವರ ಮೂಗಿಗೆ ಹೇಗಮ್ಮ ಬಡೀತು? ನಮ್ಮ ಇಲಾಖೆ ನಾಯಿಗೂ ಅಷ್ಟು ಮೂಗಿಲ್ಲ."

ಗಿಣಿಯ ಗಮನ ಹೋಗಿದ್ದು ಬಾಗಿಲಿನ ವಿಷಯಕ್ಕಲ್ಲ. ಮೇಡಂ ಹೇಳಿಕೆಯಲ್ಲಿದ್ದ ಆ ಒಂದು ಮಾತಿಗೆ.

ವಾಸನೆ ಮೂಗಿಗೆ ಬಡಿಯಿತು.

"ಏನಮ್ಮ, ಏನು ಯೋಚನೆ?"

"ಸರ್, ನಾನೊಂದು ಮಾತು ಕೊಟ್ಟಿದೀನಿ. ಅದನ್ನ ಮುರೀಬೇಕಾಗತ್ತೆ."

"ಯಾರಿಗೆ ಕೊಟ್ಟಿದ್ದು? ನಿನ್ನ ತಲೆ ಮೇಲೆ ಗೂಬೆ ಕೂರಿಸಿದವರಿಗಾ?"

ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು:

"ಮೇಡಂಗೆ ವಾಸನೆ ಬರೋದೇ ಇಲ್ಲ."

ಬೂದಿ ಸಾಹೇಬರ ನೀರಿನ ಬಾಟಲಿ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

ವರ್ಷದ ಶುರುವಿನಲ್ಲಿ, ಹೊರಗಿನವರನ್ನು ಕರೆಯುವ ಮೊದಲು, ಪರೀಕ್ಷೆ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಗಿಣಿಗೆ ಒಬ್ಬರು ಬೇಕಿದ್ದರು. "ನನ್ನನ್ನೇ ಕೂರಿಸು," ಎಂದು ಮೇಡಂ ನಗುತ್ತ ಕುರ್ಚಿಯಲ್ಲಿ ಕೂತರು. ಸೋಪಿನ ಬಾಟಲಿಗೆ ನಿಂಬೆಹಣ್ಣು ಎಂದರು. ಹೊಗೆಗೆ ಗುಲಾಬಿ ಎಂದರು. ಗ್ಯಾಸಿನ ಬಾಟಲಿ ತೆರೆದಾಗ ಗಿಣಿಯೇ ಮುಖ ಹಿಂದಕ್ಕೆ ತೆಗೆದಳು. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಜನಕ್ಕೆ ತಿಳಿಯಲೆಂದು ಬೇಕೆಂದೇ ಬೆರೆಸುವ ದುರ್ವಾಸನೆ ಅದು. ಮೇಡಂ ಅದನ್ನು ಮೂಗಿಗೆ ತಾಗಿಸಿ, ಹಾಯಾಗಿ ಉಸಿರೆಳೆದು, "ಇದು ಖಾಲಿ," ಎಂದಿದ್ದರು.

ಗಿಣಿಯ ಮುಖ ನೋಡಿ ಅವರಿಗೇ ಅರ್ಥವಾಯಿತು. ಎದ್ದು ಬಾಗಿಲು ಹಾಕಿದರು. ಎರಡು ವರ್ಷದ ಹಿಂದೆ ಬಂದ ಜ್ವರ ಮೂಗನ್ನು ತೆಗೆದುಕೊಂಡು ಹೋಗಿತ್ತು. ವಾಸನೆಯ ಮೇಲೇ ಇಷ್ಟು ವರ್ಷ ಕೆಲಸ ಮಾಡಿದವಳಿಗೆ ವಾಸನೆ ಇಲ್ಲ ಎಂದರೆ ಜನ ನಗುತ್ತಾರೆ ಎಂದು ಅವರು ಕಣ್ಣು ತುಂಬಿಕೊಂಡಿದ್ದರು. ಇದು ನಮ್ಮಿಬ್ಬರಲ್ಲೇ ಇರಲಿ ಎಂದಿದ್ದರು. ಅವತ್ತಿನಿಂದ ಗಿಣಿಗೆ ಅವರ ಮೇಲಿದ್ದ ಗೌರವಕ್ಕೆ ಪ್ರೀತಿಯೂ ಸೇರಿಕೊಂಡಿತ್ತು.

"ಮತ್ತೆ ಅವರಿಗೆ ಗ್ಯಾಸ್ ಸೋರ್ತಿರೋದು ಹೇಗೆ ಗೊತ್ತಾಯ್ತು?" ಎಂದರು ಸಾಹೇಬರು ಮೆಲ್ಲಗೆ.

"ಅದೇ ನನಗೂ..."

"ಒಂದೋ ಪೈಪು ಕುಯ್ದವರು ಅವರೇ. ಇಲ್ಲಾ, ಕುಯ್ದವರು ಅವರಿಗೆ ಹೇಳಿದಾರೆ. ಮೂರನೇ ದಾರಿ ಇಲ್ಲ." ಅವರು ಬಾಟಲಿಯ ಮುಚ್ಚಳ ತಿರುಗಿಸಿದರು. "ಆದರೆ ನಿನ್ನ ಮಾತೊಂದೇ ಸಾಲದು. 'ಮೂಗು ಚೆನ್ನಾಗಿದೆ, ಹುಡುಗಿ ಸಿಟ್ಟಿಗೆ ಹೇಳ್ತಿದಾಳೆ' ಅಂತಾರೆ. ನಾನು ಹೋಗಿ ಕೇಳಿದ್ರೆ ವಕೀಲರನ್ನ ಕರೀತಾರೆ."

"ನಾನು ಹೋಗ್ತೀನಿ."

"ಹೋಗಿ?"

"ನಡೆಯೋಕಾಗದವರ ಮನೆಗೇ ಹೋಗಿ ಪರೀಕ್ಷೆ ಮಾಡೋಕೆ ಅಂತ ಒಂದು ಕೈಪೆಟ್ಟಿಗೆ ಇಟ್ಕೊಂಡಿದೀನಿ. ಅದು ನನ್ನ ಲಾಕರಲ್ಲಿ ಕ್ಷೇಮವಾಗಿದೆ. ಅದರಲ್ಲಿ ಗ್ಯಾಸಿನ ಬಾಟ್ಲಿ ಇದೆ."

ಸಾಹೇಬರು ಅವಳನ್ನೇ ನೋಡಿದರು. ಆಮೇಲೆ ಗಹಗಹಿಸಿ ನಕ್ಕರು.

"ಹೆಸರಿಟ್ಟವರಿಗೆ ಬುದ್ಧಿ ಇಲ್ಲ. ನೀನು ಗಿಣಿ ಅಲ್ಲಮ್ಮ, ಹದ್ದು."

*

ಹೊರಡುವ ಮೊದಲು ಫೋನ್ ನೋಡಿಕೊಂಡಳು. ಅಕ್ಕನ ಸಂದೇಶ ಇತ್ತು. "ಹೊಟ್ಟೆಗೆ ಏನಾದ್ರೂ ಹಾಕ್ಕೋ. ಯಾರ ಹತ್ರಾನೂ ಜಗಳ ಆಡಬೇಡ."

ಗಿಣಿಗೆ ತಾಯಿಯ ನೆನಪು ಕಡಿಮೆ. ತಲೆ ಬಾಚಿದ್ದು, ಶಾಲೆಗೆ ಬಿಟ್ಟದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅಕ್ಕನೇ. ಅಕ್ಕ ನರ್ಸು. ಮುಂದೆ ಓದುವ ಆಸೆ ಅವಳಿಗೂ ಇತ್ತು. ಇಬ್ಬರಲ್ಲಿ ಒಬ್ಬರೇ ಓದಲು ಸಾಧ್ಯ ಎಂದಾದಾಗ ಒಂದು ಮಾತೂ ಆಡದೆ ಸರಿದು ನಿಂತವಳು. ಅದೃಷ್ಟವೋ ಏನೋ, ಸುಟ್ಟಗಾಯದ ವಾರ್ಡಿನಲ್ಲಿ ಟೆಕ್ನಿಷಿಯನ್ನನ್ನು ನೋಡಿಕೊಳ್ಳುವ ಪಾಳಿಯೂ ಅಕ್ಕನಿಗೇ ಬಂದಿತ್ತು. ಸದಾ ಕೈಯಲ್ಲಿ ಸ್ಪಿರಿಟಿನ ವಾಸನೆ ಇರುತ್ತಿದ್ದ ಆ ಬಡಪಾಯಿಯನ್ನು ವಿದ್ಯಾರ್ಥಿಗಳೆಲ್ಲ ಸ್ಪಿರಿಟಣ್ಣ ಎನ್ನುತ್ತಿದ್ದರು. ಬಾಟಲಿಗೆ ಹನಿ ಚೆಲ್ಲದಂತೆ ತುಂಬುವುದನ್ನು ಗಿಣಿಗೆ ಕಲಿಸಿದವನು ಅವನು. ಅಕ್ಕನ ಕೈಯಲ್ಲಿದ್ದಾನೆ, ಬದುಕಿಕೊಳ್ಳುತ್ತಾನೆ ಎಂಬ ಒಂದೇ ಧೈರ್ಯದಲ್ಲಿ ಗಿಣಿ ಈ ದಿನಗಳನ್ನು ನೂಕಿದ್ದಳು.

ಮೇಡಂ ಕೋಣೆಯ ಬಾಗಿಲು ತೆರೆದೇ ಇತ್ತು.

"ಬಾ ಗಿಣಿ, ಕೂತ್ಕೋ. ಮುಖ ಎಷ್ಟು ಬಾಡಿಹೋಗಿದೆ!"

ಅದೇ ದನಿ. ಅದೇ ಪ್ರೀತಿ. ಗಿಣಿ ಎದುರಿನ ಕುರ್ಚಿಯಲ್ಲಿ ಕೂತು, ಮಡಿಲ ಚೀಲದೊಳಗೆ ಕೈ ಹಾಕಿ ಮುಚ್ಚಳ ತಿರುಗಿಸಿದಳು. ಬಾಟಲಿಯನ್ನು ಮೇಜಿನ ಮೇಲಿದ್ದ ಫೈಲುಗಳ ಮರೆಗೆ ಸರಿಸಿಟ್ಟಳು. ಎರಡು ಉಸಿರು ಎಳೆಯುವಷ್ಟರಲ್ಲಿ ಅದು ಕೋಣೆ ತುಂಬಿತು. ಕೊಳೆತ ಈರುಳ್ಳಿ, ಚರಂಡಿ, ಎರಡೂ ಕಲಸಿದಂಥ ವಾಸನೆ.

ಮೇಡಂ ಪೆನ್ನಿನ ಮುಚ್ಚಳ ಹಾಕಿ ಮುಂದಕ್ಕೆ ಬಾಗಿದರು. ಬಾಟಲಿಗೂ ಅವರ ಮೂಗಿಗೂ ಒಂದು ಮೊಳವೂ ಇರಲಿಲ್ಲ.

"ನಾಳೆ ಸಮಿತೀಲಿ ನೀನು ಹೆಚ್ಚು ಮಾತಾಡಬೇಡ. ಮರೆತೆ, ತಪ್ಪಾಯ್ತು ಅಂದುಬಿಡು. ಚಿಕ್ಕವಳು ಅಂತ ಹೊಟ್ಟೆಗೆ ಹಾಕ್ಕೊಳ್ತಾರೆ. ಮುಂದಿನ ವರ್ಷ ಮತ್ತೆ ಸೇರಿಸ್ಕೊಳ್ಳೋ ಜವಾಬ್ದಾರಿ ನಂದು."

"ನಾನು ಮರೆತಿರಲಿಲ್ಲ ಮೇಡಂ."

"ನಮಗೆ ಮರೆತದ್ದು ನೆನಪಿದ್ರೆ ಅದು ಮರೆವು ಹೇಗಾಗತ್ತೆ?" ಮೇಡಂ ನಕ್ಕರು. "ನಿನ್ನ ಕಣ್ಣಲ್ಲಿ ಯಾಕೆ ನೀರು? ಅಳಬೇಡ."

ಗಿಣಿ ಅಳುತ್ತಿರಲಿಲ್ಲ. ವಾಸನೆಗೆ ಕಣ್ಣು ಉರಿಯುತ್ತಿತ್ತು. ಮೇಡಂ ಮಾತ್ರ ನಿರಾಳವಾಗಿ ಉಸಿರಾಡುತ್ತ ಅವಳ ಮುಂದಿನ ವರ್ಷದ ಬಗ್ಗೆ ಹೇಳುತ್ತಲೇ ಇದ್ದರು.

ಅಷ್ಟರಲ್ಲಿ ಆಫೀಸಿನ ಗುಮಾಸ್ತೆ ಸಹಿಗೆಂದು ಕಾಗದ ಹಿಡಿದು ಒಳಗೆ ಬಂದಳು. ಹೊಸಿಲು ದಾಟಿದವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಅಯ್ಯಯ್ಯೋ! ಮತ್ತೆ ಗ್ಯಾಸು! ಎದ್ದೇಳಿ ಮೇಡಂ, ಹೇಗೆ ಕೂತಿದೀರಿ ಇದರಲ್ಲಿ!"

ಅವಳು ಓಡಿಹೋಗಿ ಕಿಟಕಿ ತೆರೆದಳು. ಮೇಡಂ ಮುಖದ ಬಣ್ಣ ಇಳಿಯಿತು. ಒಂದು ಕ್ಷಣ ಗುಮಾಸ್ತೆಯನ್ನು, ಒಂದು ಕ್ಷಣ ಗಿಣಿಯನ್ನು ನೋಡಿದರು. ಆಮೇಲೆ ತಟ್ಟನೆ ಎದ್ದು ತಾವೂ ಮೂಗು ಮುಚ್ಚಿಕೊಂಡರು.

"ಹೌದು ಹೌದು, ನನಗೂ ಈಗ ಬಡೀತು. ಬೇಗ ಇನ್ನೊಂದು ಕಿಟಕೀನೂ ತೆಗಿ."

ಗಿಣಿ ಫೈಲುಗಳ ಹಿಂದಿನಿಂದ ಬಾಟಲಿ ತೆಗೆದು ಮುಚ್ಚಳ ಹಾಕಿದಳು.

"ಗಾಬರಿ ಆಗ್ಬೇಡಿ, ಸೋರಿಲ್ಲ," ಎಂದಳು ಗುಮಾಸ್ತೆಗೆ. "ನನ್ನ ಪರೀಕ್ಷೆ ಬಾಟ್ಲಿ ಇದು. ಮುಚ್ಚೋದು ಮರೆತೆ."

"ಮರೆವೇ ನಿನಗೆ ದೊಡ್ಡ ರೋಗ ಕಣಮ್ಮ," ಎಂದು ಗುಮಾಸ್ತೆ ಗೊಣಗುತ್ತ ಕಾಗದವನ್ನು ಅಲ್ಲೇ ಒಗೆದು ಹೊರಗೆ ನಡೆದಳು.

ಬಾಗಿಲು ಮುಚ್ಚಿತು. ಇಬ್ಬರೇ ಉಳಿದರು.

"ನಾನು ಬಂದು ಕೂತಾಗಿಂದ ತೆರೆದೇ ಇತ್ತು ಮೇಡಂ."

ಮೇಡಂ ನಿಧಾನವಾಗಿ ಕುರ್ಚಿಗೆ ಒರಗಿದರು. ಮೂಗಿನ ಮೇಲಿಟ್ಟ ಕೈ ಮಡಿಲಿಗೆ ಜಾರಿತು.

"ನನ್ನ ಮೇಲೇ ಪರೀಕ್ಷೆ ಮಾಡಿದೆಯಾ?"

"ನೀವೇ ಕಲಿಸಿದ್ದು. ಮಾತು ನಂಬಬೇಡ, ಪರೀಕ್ಷೆ ಮಾಡಿ ನೋಡು ಅಂತ."

"ನಿನ್ನನ್ನ ನಂಬಿ ಹೇಳಿದ್ದೆ ಗಿಣಿ. ನನ್ನ ಗಂಡನಿಗೂ ಗೊತ್ತಿರಲಿಲ್ಲ ಅದು."

"ನಾನೂ ನಿಮ್ಮನ್ನ ನಂಬಿದ್ದೆ." ಗಿಣಿ ಬಾಟಲಿಯನ್ನು ಚೀಲಕ್ಕೆ ಹಾಕಿದಳು. "ನನ್ನ ವಿರುದ್ಧ ಹೇಳಿಕೆ ಕೊಟ್ಟು ಬಂದು, ಅದೇ ಸಂಜೆ ನನ್ನ ತಲೆ ನೇವರಿಸಿದ್ರಲ್ಲ ಮೇಡಂ. ಹೇಗೆ ಮನಸ್ಸು ಬಂತು?"

ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿದರು. ಕೆಳಗೆ ಸೈಕಲ್ ನಿಲ್ದಾಣದಲ್ಲಿ ಯಾರೋ ಗಂಟೆ ಬಾರಿಸಿದರು.

"ಬೆಂಕಿ ಆರಿಸೋಕೆ ಬಂದವನು ಕೇಳಿದ, ನಿಮಗೆ ಹೇಗೆ ಗೊತ್ತಾಯ್ತು ಅಂತ. ವಾಸನೆ ಬಂತು ಅಂದೆ. ಬೇರೆ ಯಾರಾದ್ರೂ ಅದನ್ನೇ ತಾನೆ ಹೇಳೋದು? ಬಾಯಿಗೆ ಬಂದದ್ದು ಅದೇ. ಆಮೇಲೆ ಎಲ್ಲರೂ ಕೈ ಕುಲುಕಿದ್ರು, ಅಷ್ಟು ಜನರ ಜೀವ ಉಳಿಸಿದ್ರಿ ಅಂದ್ರು. ವಾಪಸ್ ತಗೊಳ್ಳೋಕೆ ಆಗಲಿಲ್ಲ."

"ಅದಕ್ಕೆ ನನ್ನನ್ನ ಯಾಕೆ ಎಳೆದ್ರಿ?"

"ಯಾರಾದ್ರೂ ಒಬ್ಬರು ಬೇಕಿತ್ತಲ್ಲ!" ಮೇಡಂ ಥಟ್ಟನೆ ತಿರುಗಿದರು. ಆ ಮುಖವನ್ನು ಗಿಣಿ ಎಂದೂ ನೋಡಿರಲಿಲ್ಲ. "ಆನರ್ಸ್ ಹುಡುಗಿ ಮರೆತಳು ಅಂದ್ರೆ ಒಬ್ಬಳ ಒಂದು ವರ್ಷ ಹೋಗತ್ತೆ. ನನ್ನ ತಪ್ಪು, ನನ್ನ ಸುಳ್ಳು ಅಂತ ಆದ್ರೆ ವಿಭಾಗವೇ ಮುಚ್ಚತ್ತೆ. ನೀನು ಚಿಕ್ಕವಳು, ಮತ್ತೆ ಕಟ್ಕೋಬಹುದು. ನನಗೆ ಇನ್ನೇನು ವಯಸ್ಸಿದೆ?"

ಗಿಣಿಗೆ ಸಿಟ್ಟು ಬರಲಿಲ್ಲ. ಅದೇ ಅವಳಿಗೆ ಆಶ್ಚರ್ಯವಾಗಿತ್ತು. ಒಳಗೆ ಏನೋ ತಣ್ಣಗಾಗಿ ಗಟ್ಟಿಯಾಗಿ ಕೂತಿತು.

"ಸ್ಪಿರಿಟಣ್ಣ ಒಳಗಿದ್ದದ್ದು ನಿಮಗೆ ಗೊತ್ತಿತ್ತಾ?"

"ಇಲ್ಲ. ಮಕ್ಕಳಾಣೆ ಇಲ್ಲ. ಕಣ್ಣಿಗೆ ಕಂಡವರನ್ನೆಲ್ಲ ಹೊರಗೆ ಕಳಿಸಿದೆ. ಅವನು ಕಾಣಲಿಲ್ಲ."

"ವಾಸನೆ ಬಂದಿಲ್ಲ. ಮತ್ತೆ ಗ್ಯಾಸ್ ಸೋರ್ತಿರೋದು ಹೇಗೆ ಗೊತ್ತಾಯ್ತು?"

ಮೇಡಂ ಗುಮಾಸ್ತೆ ಬಿಟ್ಟುಹೋದ ಕಾಗದವನ್ನು ಹತ್ತಿರ ಎಳೆದುಕೊಂಡರು.

"ಪೈಪು ಕುಯ್ದವರು ನೀವಾ?"

"ಕುಯ್ದಿದಾರಾ?" ಅವರು ನಿಜವಾಗಿಯೂ ಬೆಚ್ಚಿದರು. "ನಾನಲ್ಲ. ನನಗೆ ಫೋನ್ ಬಂತು ಅಷ್ಟೇ."

"ಯಾರದು?"

"ಬೇಡ ಗಿಣಿ. ಇಷ್ಟಕ್ಕೇ ಬಿಟ್ಟುಬಿಡು. ನಾಳೆ ನಾನೇ ಸಮಿತಿ ಮುಂದೆ ನನ್ನ ಸುಳ್ಳು ಒಪ್ಕೋತೀನಿ. ನಿನ್ನ ಹೆಸರು ತೆಗೆಸ್ತೀನಿ. ಇದನ್ನ ಮಾತ್ರ ಕೇಳಬೇಡ."

"ಯಾರದು ಫೋನು?"

"ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ."

"ಯಾರದು ಮೇಡಂ?"

ಕೇಳಿದ್ದನ್ನೇ ಮತ್ತೆ ಕೇಳುವ ಈ ಹುಡುಗಿಯನ್ನು ಮೇಡಂ ನೋಡಿದರು.

"ನಿನ್ನ ಅಕ್ಕನದು."

ಗಿಣಿ ನಕ್ಕಳು. ನಗು ತಾನಾಗಿ ಬಂತು.

"ಸುಳ್ಳು."

"ನಿನಗೆ ಹುಷಾರು ತಪ್ಪಿದಾಗೆಲ್ಲ ನನಗೆ ಫೋನ್ ಮಾಡಿ ಹೇಳ್ತಿದ್ದವಳು ಅವಳೇ ತಾನೆ? ಅವಳ ದನಿ ನನಗೆ ಗೊತ್ತಿಲ್ವಾ? 'ತಯಾರಿ ಕೋಣೇಲಿ ಗ್ಯಾಸ್ ಸೋರ್ತಿದೆ, ನನ್ನ ತಂಗೀನ ಹೊರಗೆ ಕಳಿಸಿ' ಅಂದಳು. ಅಳ್ತಿದ್ದಳು. ನಿನಗೆ ಹೇಗೆ ಗೊತ್ತು ಅಂತ ಕೇಳೋಷ್ಟರಲ್ಲಿ ಇಟ್ಟುಬಿಟ್ಟಳು."

"ಹಾಗಿದ್ದಿದ್ರೆ ನನಗೇ ಮಾಡ್ತಿದ್ದಳು. ನಿಮಗ್ಯಾಕೆ ಮಾಡ್ತಾಳೆ?"

"ಪರೀಕ್ಷೆ ಕೋಣೆಗೆ ನೀನು ಫೋನ್ ತಗೊಂಡು ಹೋಗ್ತೀಯಾ?"

ಇಲ್ಲ. ಹೊರಗಿಟ್ಟು ಹೋಗುವುದು ನಿಯಮ. ಅಕ್ಕನಿಗೆ ಅದು ಗೊತ್ತಿತ್ತು.

"ಅವತ್ತೇ ಸಂಜೆ ಆಸ್ಪತ್ರೇಲಿ ಅವಳನ್ನ ಮೂಲೆಗೆ ಕರ್ಕೊಂಡು ಹೋಗಿ ಕೇಳ್ದೆ," ಎಂದರು ಮೇಡಂ. "ಕೈ ಹಿಡ್ಕೊಂಡು ಬೇಡ್ಕೊಂಡಳು. ಫೋನಿನ ವಿಷಯ ಯಾರಿಗೂ ಹೇಳಬೇಡಿ, ಗಿಣಿಗಂತೂ ಬೇಡವೇ ಬೇಡ ಅಂದಳು. ನನಗೂ ಅದೇ ಬೇಕಿತ್ತು, ಸುಮ್ಮನಾದೆ. ಆದರೆ ತಪ್ಪು ಗಿಣಿ ಮೇಲೆ ಬರತ್ತೆ ಅಂತ ಅವಳಿಗೆ ಹೇಳಿದ್ದೆ. ಮುಚ್ಚಿಡಲಿಲ್ಲ."

"ಅದಕ್ಕೆ ಏನಂದಳು?"

ಮೇಡಂ ತಲೆ ತಗ್ಗಿಸಿದರು.

"'ಬರಲಿ ಬಿಡಿ. ಒಂದು ವರ್ಷ ತಾನೆ' ಅಂದಳು."

*

ಮೆಟ್ಟಿಲ ತಿರುವಿನಲ್ಲಿ ಯಾರೂ ಇರಲಿಲ್ಲ. ಗಿಣಿ ಕಂಬಿ ಹಿಡಿದು ನಿಂತಳು.

ಮೇಡಂ ಸುಳ್ಳುಗಾತಿ. ಅದು ಈಗ ಸಾಬೀತಾಗಿದೆ. ಒಂದು ಸುಳ್ಳು ಹೇಳಿದವರು ಇನ್ನೊಂದು ಹೇಳಲಾರರೇ? ಮುಳುಗುವಾಗ ಪಕ್ಕದವರನ್ನೂ ಎಳೆದುಕೊಳ್ಳುತ್ತಿದ್ದಾರೆ. ಅಕ್ಕನನ್ನೇ ಕೇಳಿಬಿಡಬೇಕು. ಅಕ್ಕ ಬೈಯುತ್ತಾಳೆ, ಆಮೇಲೆ ನಗುತ್ತಾಳೆ.

ಎರಡನೇ ರಿಂಗಿಗೇ ಅಕ್ಕ ತೆಗೆದಳು.

"ಏನೇ, ತಿಂದ್ಯಾ ಏನಾದ್ರೂ?"

ಆ ಒಂದು ಮಾತಿಗೇ ಗಿಣಿಯ ಕಣ್ಣು ತುಂಬಿತು. ಕೇಳಬೇಕೆಂದಿದ್ದದ್ದನ್ನು ಬಿಟ್ಟು ಬೇರೇನೋ ಕೇಳಿದಳು.

"ತಿಂದೆ. ಸ್ಪಿರಿಟಣ್ಣ ಹೇಗಿದಾನೆ?"

"ಹಾಗೇ ಇದಾರೆ ಕಣೇ. ಕಣ್ಣು ಬಿಟ್ಟಿಲ್ಲ. ಮಾತಂತೂ ದೂರದ ಮಾತು. ನೀನು ಇವತ್ತು ಬರೋದೇನೂ ಬೇಡ. ಬಂದು ಮಾಡೋದಾದ್ರೂ ಏನು? ಮನೆಗೆ ಹೋಗಿ ಮಲಕ್ಕೋ."

"ಬಂದು ನೋಡಿಕೊಂಡು ಹೋಗ್ತೀನಿ ಅಕ್ಕಾ."

"ಬೇಡ ಅಂದ್ನಲ್ಲ!" ದನಿ ಚುರುಕಾಯಿತು. ಮರುಕ್ಷಣವೇ ಇಳಿಯಿತು. "ಡಾಕ್ಟರು ಯಾರನ್ನೂ ಬಿಡಬೇಡಿ ಅಂದಿದಾರೆ, ಅದಕ್ಕೆ ಹೇಳ್ದೆ."

ಆಗ ಅಕ್ಕನ ದನಿಯ ಹಿಂದೆ ಇನ್ನೊಂದು ದನಿ ಕೇಳಿಸಿತು. ಒಡೆದ, ಒಣಗಿದ ದನಿ. ಇಷ್ಟು ತಿಂಗಳು ದಿನವೂ ಪಕ್ಕದ ಮೇಜಿನಿಂದ ಕೇಳಿದ ದನಿ.

"ಯಾರು ಸಿಸ್ಟರ್... ಫೋನಲ್ಲಿ? ಗಿಣೀನಾ?"

ಗಿಣಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಅಕ್ಕಾ, ಅದು ಯಾರು ಮಾತಾಡಿದ್ದು?"

"ಪಕ್ಕದ ಬೆಡ್ಡಿನವರು," ಎಂದಳು ಅಕ್ಕ. "ಆಮೇಲೆ ಮಾಡ್ತೀನಿ."

ಫೋನ್ ಕಟ್ಟಾಯಿತು.

ಕೆಳಗಿನ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬೂದಿ ಸಾಹೇಬರು ಜರಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿ ಬರುತ್ತಿದ್ದರು. ಗಿಣಿ ಮುಖ ಒರೆಸಿಕೊಂಡಳು.

"ಆಯ್ತಾಮ್ಮ? ಬಾಟ್ಲಿ ಏನು ಹೇಳ್ತು?"

"ಮೇಡಂ ಒಪ್ಕೊಂಡ್ರು ಸರ್. ವಾಸನೆ ಬರಲ್ಲ. ನಾಳೆ ಸಮಿತಿ ಮುಂದೆಯೂ ಹೇಳ್ತಾರಂತೆ."

"ಭಲೇ. ಮತ್ತೆ ಗ್ಯಾಸ್ ವಿಷಯ ಅವರಿಗೆ ಹೇಳಿದ್ದು ಯಾರಂತೆ?"

"ಹೇಳಲಿಲ್ಲ."

ಅದು ಅವಳು ಅವರಿಗೆ ಹೇಳಿದ ಮೊದಲ ಸುಳ್ಳು. ನಾಲಗೆ ತಡವರಿಸಲೂ ಇಲ್ಲ. ಹಾಗೆ ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಅಸಹ್ಯವಾಯಿತು. ಬೆಂಕಿ ಆರಿಸುವವನ ಮುಂದೆ ನಿಂತಿದ್ದ ಮೇಡಂಗೂ ಹೀಗೇ ಆಗಿರಬೇಕು.

"ಫೋನಲ್ಲಿ ಯಾರು?"

"ಅಕ್ಕ."

"ಟೆಕ್ನಿಷಿಯನ್ ಹೇಗಿದಾರಂತೆ?"

ಗಿಣಿ ಅವರ ಕಣ್ಣು ತಪ್ಪಿಸಿ ಜರಡಿಯ ಅಂಚಿಗೆ ಅಂಟಿದ ಬೂದಿಯನ್ನು ನೋಡಿದಳು. ಅಕ್ಕ ತಲೆ ಬಾಚುತ್ತಿದ್ದದ್ದು, ಅಕ್ಕ 'ಬರಲಿ ಬಿಡಿ' ಎಂದದ್ದು, ಎರಡೂ ಒಟ್ಟಿಗೇ ಮನಸ್ಸಿಗೆ ಬಂದವು.

"ಇನ್ನೂ ಎಚ್ಚರ ಆಗಿಲ್ಲವಂತೆ ಸರ್. ಕಣ್ಣೇ ಬಿಟ್ಟಿಲ್ಲವಂತೆ."

ಸಾಹೇಬರು ತಲೆಯಾಡಿಸಿದರು. ಜರಡಿಯನ್ನು ಗೋಡೆಗೆ ಒರಗಿಸಿಟ್ಟು, ಕರವಸ್ತ್ರ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡರು. ಮತ್ತೆ ಮಾತಾಡಿದಾಗ ಅವರ ದನಿಯಲ್ಲಿ 'ಅಮ್ಮ' ಇರಲಿಲ್ಲ, 'ನೀನು' ಇರಲಿಲ್ಲ.

"ಬೆಳಗ್ಗೆ ನಿಮ್ಮ ಅಕ್ಕ ಡ್ಯೂಟಿಗೆ ಬರೋಕೆ ಮುಂಚೆಯೇ ನಾನು ಆಸ್ಪತ್ರೆಗೆ ಹೋಗಿದ್ದೆ. ಟೆಕ್ನಿಷಿಯನ್‌ಗೆ ಎಚ್ಚರ ಆಗಿತ್ತು. ಪಕ್ಕದಲ್ಲಿ ಕೂತು ಮಾತಾಡಿಸ್ಕೊಂಡು ಬಂದೆ. ಪಕ್ಕದ ಮಂಚದಲ್ಲಿ ಕೈಗೆ ಬ್ಯಾಂಡೇಜ್ ಸುತ್ಕೊಂಡು ಮಲಗಿರೋರು ನಮ್ಮ ಇಲಾಖೆಯವರು. 'ಅದು ಯಾರು ಮಾತಾಡಿದ್ದು' ಅಂತ ನೀವು ಫೋನಲ್ಲಿ ಕೇಳಿದ್ದು ಕೆಳಗೆ ನನಗೂ ಕೇಳಿಸ್ತು. ನೀವು ಈಗ ಹೇಳಿದ್ದು ಸುಳ್ಳು ಅಂತ ನಿಮಗೂ ಗೊತ್ತು."

ಗಿಣಿಯ ಕೈ ಕಂಬಿಯ ಮೇಲೆ ಬಿಗಿಯಿತು.

"ಹಾಗಾದ್ರೆ ಬೆಳಗ್ಗಿಂದ ನನ್ನ ಜೊತೆ ನಗ್ತಾ ಮಾತಾಡಿದ್ದು, ಪೈಪು ತೋರಿಸಿದ್ದು..."

"ನೋಡ್ತಿದ್ದೆ."

"ಅಕ್ಕನ ಮೇಲೆ ಅನುಮಾನ ಇದ್ರೆ ಅವಳನ್ನೇ ಕೇಳಬಹುದಿತ್ತು!"

"ನಿಮ್ಮ ಅಕ್ಕನ ಮೇಲೆ ಅನುಮಾನ ಅಂತ ನನಗೆ ಯಾರೂ ಹೇಳಿಲ್ಲ. ಈಗ ನೀವೇ ಮೊದಲು ಹೇಳ್ತಿರೋದು." ಅವರು ಅವಳ ಫೋನಿಗೆ ಕೈ ಚಾಚಿದರು. "ಒಲೆ ಹತ್ರ ಪೈಪು ಹಿಡ್ಕೊಂಡು ನಿಂತಿದ್ದು ಯಾರು ಅಂತ ಟೆಕ್ನಿಷಿಯನ್ನನ್ನ ಕೇಳ್ದೆ. ಗಾಬರೀಲಿ ಕಣ್ಣು ತಪ್ಪಿರಬಹುದು, ಯೋಚಿಸಿ ಹೇಳಿ ಅಂತ ಇನ್ನೊಮ್ಮೆ ಕೇಳ್ದೆ. ಎರಡು ಸಲವೂ ಒಂದೇ ಹೆಸರು ಹೇಳಿದ್ರು. ಆ ಹೆಸರು ಹೊರಗೆ ಬರದಿರಲಿ ಅಂತಲೇ ನಿಮ್ಮ ಅಕ್ಕ ಅವರ ಎಚ್ಚರ ಮುಚ್ಚಿಟ್ಟಿರಬೇಕು."

ಫೋನನ್ನು ಕೊಡಬೇಕೋ, ಹಿಡಿದುಕೊಳ್ಳಬೇಕೋ ಗಿಣಿಗೆ ತಿಳಿಯಲಿಲ್ಲ.

"ಯಾರು?"

"ಗಿಣಿ, ಅಂದ್ರು."